ಹಾಡುವವರ ಶ್ರುತಿಗೆ ಗಿಟಾರೇ ಬರಬೇಕು

 

ಕಳೆದ ವರ್ಷದ ರಾಜ್ಯೋತ್ಸವದಲ್ಲಿ ನಮ್ಮ ತರಗತಿಯ ಗೆಳತಿ ಹಾಡುವಾಗ ಚರಣದಲ್ಲಿ ದನಿ ಒಡೆಯಿತಲ್ಲ, ಎಲ್ಲರೂ ನಕ್ಕಿರಿ. ಹಿಂದಿನ ಬೆಂಚಿನವರು ಈಗಲೂ ಅವಳನ್ನ ಆಡಿಕೊಳ್ತಾರೆ. ತಪ್ಪು ಅವಳದಲ್ಲ. ಪಕ್ಕದಲ್ಲಿ ಗಿಟಾರ್ ಹಿಡಿದು ಕೂತಿದ್ದ ನನ್ನದು.

ಅವಳ ಶ್ರುತಿ ನಾಲ್ಕೂವರೆ ಮನೆ. ಹಾರ್ಮೋನಿಯಂನಲ್ಲಿ ಮೂರು ಕಪ್ಪು ಮನೆ ಒಟ್ಟಿಗೆ ಇರ್ತಾವಲ್ಲ, ಅದರಲ್ಲಿ ಮೊದಲನೆಯದು. ಗಿಟಾರಿನವರು ಅದಕ್ಕೆ ಎಫ್ ಶಾರ್ಪ್ ಅಂತಾರೆ. ನನಗೆ ಆಗ ಬರ್ತಿದ್ದದ್ದು ಎ, ಡಿ, ಇ ಮೂರೇ ಕಾರ್ಡು. ಅದಕ್ಕೇ "ನೀನೇ ಆರು ಮನೆಗೆ ಬಾರೆ" ಅಂದೆ. ಪಾಪ, ಒಂದೂವರೆ ಮನೆ ಮೇಲೆ ಹತ್ತಿದಳು.

ಬೇಸಿಗೆ ರಜೆಯಲ್ಲಿ ಬೆಂಗಳೂರಿನ ದೀಪಾಂಜಲಿ ನಗರದ ಸೋದರಮಾವನ ಮನೆಗೆ ಹೋಗಿದ್ದೆ. ಗಿಟಾರ್ ಮಾವನದೇ. ಎಫ್ ಶಾರ್ಪ್ ಮೇಜರ್ ಕಲಿಸು ಅಂತ ಹಟ ಹಿಡಿದೆ. ತೋರುಬೆರಳನ್ನು ಎರಡನೇ ಫ್ರೆಟ್ಟಿನಲ್ಲಿ ಆರೂ ತಂತಿಯ ಮೇಲೆ ಅಡ್ಡ ಮಲಗಿಸಬೇಕು. ನಡುಬೆರಳು ಮೂರನೇ ತಂತಿಯ ಮೂರನೇ ಫ್ರೆಟ್ಟಿಗೆ. ಉಂಗುರಬೆರಳು, ಕಿರುಬೆರಳು ಐದನೇ, ನಾಲ್ಕನೇ ತಂತಿಯ ನಾಲ್ಕನೇ ಫ್ರೆಟ್ಟಿಗೆ. ಮೊದಲ ವಾರ ಬರೀ ಟಕ್ ಟಕ್ ಸದ್ದು! ಬೆರಳ ತುದಿ ಬೊಬ್ಬೆ ಬಂತು. ಆಮೇಲೆ ಮಾವ ಸಣ್ಣ ರೂಪ ತೋರಿಸಿದರು. ದಪ್ಪ ತಂತಿ ಎರಡನ್ನೂ ಬಿಟ್ಟು ಕೆಳಗಿನ ನಾಲ್ಕೇ ನುಡಿಸೋದು, ತೋರುಬೆರಳು ಸಣ್ಣ ತಂತಿ ಎರಡರ ಮೇಲೆ ಮಾತ್ರ. ಚಿಕ್ಕ ಕೈಯವರು ಇದರಿಂದಲೇ ಶುರು ಮಾಡಬೇಕು ಅಂತ ನನ್ನ ಅಭಿಪ್ರಾಯ.

ದೊಡ್ಡ ರೂಪ ಕೂತ ಮೇಲೆ ಮಜಾ ಇದೆ. ನಡುಬೆರಳು ಎತ್ತಿದರೆ ಅದೇ ಕಾರ್ಡು ಮೈನರ್ ಆಗುತ್ತೆ, ಅಳು ಬಂದ ಹಾಗೆ ಕೇಳಿಸುತ್ತೆ. ನಡುಬೆರಳು ಇಟ್ಟು ಕಿರುಬೆರಳು ಎತ್ತಿದರೆ ಸೆವೆಂತ್. ಇಡೀ ಕೈಯನ್ನ ಹಾಗೇ ಏಳನೇ ಫ್ರೆಟ್ಟಿಗೆ ಜಾರಿಸಿದರೆ ಬಿ, ಒಂಬತ್ತಕ್ಕೆ ಸಿ ಶಾರ್ಪ್. ಅವಳ ಹಾಡಿಗೆ ಈ ಮೂರೇ ಸಾಕಿತ್ತು.

ಕೇಪೋ ಅಂತ ಒಂದು ಕ್ಲಿಪ್ಪು ಬರುತ್ತೆ. ನಾಲ್ಕನೇ ಫ್ರೆಟ್ಟಿಗೆ ಅದನ್ನ ಹಾಕಿ ಡಿ, ಜಿ, ಎ ಹಿಡಿದರೂ ಅದೇ ಶ್ರುತಿ ಸಿಗುತ್ತೆ. ಅದು ಸೋಮಾರಿಗಳ ಆಟ ಅಂತಾರೆ ಮಾವ. ನಾನು ಒಪ್ಪಲ್ಲ. ಕ್ಲಿಪ್ಪೋ ಬೆರಳೋ, ಹಾಡೋರಿಗೆ ಕಷ್ಟ ಆಗದಿದ್ದರೆ ಸಾಕು. ತಂತಿಯನ್ನ ಎಲ್ಲಿ ಬೇಕಾದರೂ ಒತ್ತಬಹುದು, ಗಂಟಲನ್ನ ಒತ್ತೋಕಾಗುತ್ತಾ?

ಗಿಟಾರ್ ಯಾಕೆ, ಅದು ನಮ್ಮ ವಾದ್ಯವಲ್ಲ ಅಂತ ಕೆಲವರು ಹೇಳ್ತಾರೆ. 2008ರಲ್ಲಿ ಬಂದ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್‌ನಲ್ಲಿ ಶಿಶುನಾಳ ಷರೀಫರ ಪದ ಇದೆ. ಒಂದು ಸಲ ಕೇಳಿ ನೋಡಿ.

ಈ ನವೆಂಬರಿಗೆ ಹಾಡಲ್ಲ ಅಂತ ಅವಳು ಹೇಳಿದ್ದಾಳೆ. ಹಾಡೋದು ಬಿಡೋದು ಅವಳಿಷ್ಟ. ನಾನಂತೂ ನಾಲ್ಕೂವರೆ ಮನೆ ತಯಾರು ಮಾಡಿಕೊಂಡಿದ್ದೀನಿ. ನಗೋದಿದ್ದರೆ ಈ ಸಲ ನನ್ನ ನೋಡಿ ನಗಿ.

– 7ನೇ ತರಗತಿಯ ವಿದ್ಯಾರ್ಥಿನಿ