ತಾರೀಖಿನ ಮುದ್ರೆ ಒತ್ತುವವರು ಯಾರು?

ಕಾಲೇಜಿನ ಕಚೇರಿಗೆ ಅರ್ಜಿ ಕೊಟ್ಟೊಡನೆ ಗುಮಾಸ್ತರು ಅದರ ಮೇಲೆ ತಾರೀಖಿನ ಮುದ್ರೆ ಒತ್ತುತ್ತಾರೆ. ಅರ್ಜಿ ಕೊನೆಯ ದಿನದೊಳಗೆ ಬಂದಿತ್ತೇ ಎಂಬ ತಕರಾರು ಎದ್ದರೆ ಆ ಮುದ್ರೆಯೇ ಸಾಕ್ಷಿ. ಈಗ ಬಹಳಷ್ಟು ಅರ್ಜಿಗಳು ಅಂತರಜಾಲದ ಮೂಲಕವೇ ಹೋಗುತ್ತವೆ; ಮುದ್ರೆ ಒತ್ತುವ ಕೆಲಸ ಕಂಪ್ಯೂಟರಿನದು. ಆದರೆ ಅದು ಯಾವಾಗ ಒತ್ತಬೇಕು, ಒತ್ತಿದ್ದನ್ನು ತಿದ್ದಬಹುದೇ ಎಂಬುದನ್ನು ನಿರ್ಧರಿಸುವವರು ಪ್ರೋಗ್ರಾಂ ಬರೆಯುವವರು.

ಜಾಲತಾಣಗಳನ್ನು ಕಟ್ಟಲು ಸಿದ್ಧ ಚೌಕಟ್ಟುಗಳಿವೆ. ಪೈಥಾನ್ ಭಾಷೆಯ 'ಜ್ಯಾಂಗೋ' ಅಂಥದೊಂದು. ಅಮೆರಿಕದ ಕನ್ಸಾಸ್ ರಾಜ್ಯದ ಲಾರೆನ್ಸ್ ಪಟ್ಟಣದ ಒಂದು ದಿನಪತ್ರಿಕೆಯ ಜಾಲತಾಣಗಳಿಗಾಗಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ 2003ರಲ್ಲಿ ಇದನ್ನು ಕಟ್ಟತೊಡಗಿದರು. 2005ರಲ್ಲಿ ಅದು ಎಲ್ಲರಿಗೂ ಉಚಿತವಾಗಿ ದೊರೆಯಿತು.

ಜ್ಯಾಂಗೋದಲ್ಲಿ ಮಾಹಿತಿಯ ಪ್ರತಿಯೊಂದು ಪಟ್ಟಿಯಲ್ಲೂ ಯಾವ ಯಾವ ಕಲಮುಗಳಿರಬೇಕು ಎಂದು ಬರೆದಿಡುವ ಭಾಗಕ್ಕೆ 'ಮಾಡೆಲ್' ಎನ್ನುತ್ತಾರೆ. ತಾರೀಖಿನ ಕಲಮಿಗೆ ಇಲ್ಲಿ ಎರಡು ಸ್ವಯಂಚಾಲಿತ ಸೌಲಭ್ಯಗಳಿವೆ. 'ಆಟೋ ನೌ ಆ್ಯಡ್' ಎಂದು ಸೂಚಿಸಿದರೆ ದಾಖಲೆ ಹುಟ್ಟಿದ ಕ್ಷಣ ಒಮ್ಮೆ ಮಾತ್ರ ದಾಖಲಾಗುತ್ತದೆ. 'ಆಟೋ ನೌ' ಎಂದರೆ ದಾಖಲೆಯನ್ನು ಸೇವ್ ಮಾಡಿದಾಗಲೆಲ್ಲ ಹೊಸ ವೇಳೆ ಬಂದು ಕೂರುತ್ತದೆ.

ವ್ಯತ್ಯಾಸ ಸಣ್ಣದೆನಿಸಬಹುದು. ವಿದ್ಯಾರ್ಥಿನಿಯೊಬ್ಬಳು ಕೊನೆಯ ದಿನಕ್ಕೆ ಮೊದಲೇ ಅರ್ಜಿ ಹಾಕಿದ್ದಾಳೆ ಎಂದಿಟ್ಟುಕೊಳ್ಳಿ. ವಾರದ ನಂತರ ಕಚೇರಿಯವರು ಅವಳ ತಂದೆಯ ಹೆಸರಿನ ಕಾಗುಣಿತ ತಿದ್ದಿ ಸೇವ್ ಮಾಡುತ್ತಾರೆ. ಅರ್ಜಿಯ ತಾರೀಖಿಗೆ 'ಆಟೋ ನೌ' ಹಾಕಿದ್ದರೆ ಅವಳು ತಡವಾಗಿ ಅರ್ಜಿ ಹಾಕಿದಂತೆ ಕಾಣುತ್ತದೆ! ಆದ್ದರಿಂದ ಬಂದ ದಿನಕ್ಕೊಂದು, ತಿದ್ದಿದ ದಿನಕ್ಕೊಂದು, ಹೀಗೆ ಎರಡು ಕಲಮುಗಳಿರಬೇಕು.

ಇನ್ನೊಂದು ತೊಡಕು ಹಳೆಯ ದಾಖಲೆಗಳದು. ಶಾಲೆಯ 1985ರ ದಾಖಲಾತಿ ವಹಿಯನ್ನು ಕಂಪ್ಯೂಟರಿಗೆ ಏರಿಸುವಾಗ ಸೇರಿದ ದಿನದ ಕಲಮಿಗೆ 'ಆಟೋ ನೌ ಆ್ಯಡ್' ಇದ್ದರೆ, ನೀವು ಹಳೆಯ ತಾರೀಖು ಕೊಟ್ಟರೂ ಜ್ಯಾಂಗೋ ಅದನ್ನು ಕಡೆಗಣಿಸಿ ಇಂದಿನ ತಾರೀಖನ್ನೇ ಬರೆಯುತ್ತದೆ. ಸಾಮಾನ್ಯ ನಮೂನೆಯಲ್ಲಿ ಆ ಕಲಮು ತಿದ್ದಲೂ ಸಿಗುವುದಿಲ್ಲ. ಇಂಥಲ್ಲಿ 'ಡಿಫಾಲ್ಟ್' ಎಂಬ ಸೌಲಭ್ಯ ಬಳಸಿ 'ಟೈಮ್‌ಝೋನ್ ನೌ' ಎಂಬ ಕಾರ್ಯವನ್ನು ಸೂಚಿಸಬೇಕು. ಆಗ ತಾರೀಖು ಕೊಟ್ಟರೆ ಅದೇ ಉಳಿಯುತ್ತದೆ. ಕೊಡದಿದ್ದರೆ ಮಾತ್ರ ಆ ಕ್ಷಣದ ವೇಳೆ ಬರುತ್ತದೆ.

ಇಲ್ಲಿ ಹೊಸಬರು ಎಡವುವ ಜಾಗವೊಂದಿದೆ. ಕಾರ್ಯದ ಹೆಸರಿನ ಮುಂದೆ ಆವರಣ ಚಿಹ್ನೆ ಹಾಕಬಾರದು. ಹಾಕಿದರೆ ಪ್ರೋಗ್ರಾಂ ಆರಂಭವಾದಾಗಲೇ ವೇಳೆ ಲೆಕ್ಕವಾಗಿ, ಆಮೇಲೆ ಬರುವ ದಾಖಲೆಗಳಿಗೆಲ್ಲ ಅದೇ ವೇಳೆ ಅಂಟಿಕೊಳ್ಳುತ್ತದೆ. ನಿಂತ ಗಡಿಯಾರ ನೋಡಿ ಮುದ್ರೆ ಒತ್ತಿದಂತೆ! ಅಲ್ಲದೆ ಅನೇಕ ದಾಖಲೆಗಳನ್ನು 'ಅಪ್‌ಡೇಟ್' ಆದೇಶದಿಂದ ಒಟ್ಟಿಗೆ ಬದಲಿಸಿದಾಗ 'ಆಟೋ ನೌ' ಕೆಲಸ ಮಾಡುವುದಿಲ್ಲ. ತಿದ್ದಿದ ವೇಳೆಯನ್ನು ನಾವೇ ಬರೆಯಬೇಕು.

ಯಾವ ಊರಿನ ಗಡಿಯಾರ ಎಂಬುದೂ ಮುಖ್ಯ. 2023ರ ಕೊನೆಯಲ್ಲಿ ಬಂದ 5.0 ಆವೃತ್ತಿಯಿಂದ ಜ್ಯಾಂಗೋ, ಬೇರೆ ಸೂಚನೆ ಇಲ್ಲದಿದ್ದರೆ, ವೇಳೆಯನ್ನು ವಿಶ್ವಮಾನಕ್ಕೆ ಹೊಂದಿಸಿ ಇಡುತ್ತದೆ. ಭಾರತದ ವೇಳೆ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಕೊನೆಯ ದಿನ ಮೇ 31 ಆಗಿದ್ದು, ಜೂನ್ 1ರ ನಸುಕಿನ 2 ಗಂಟೆಗೆ ಬಂದ ಅರ್ಜಿ ಮೇ 31ರ ರಾತ್ರಿ 8-30 ಎಂದು ದಾಖಲಾಗಿರುತ್ತದೆ. ಭಾರತದ ವೇಳೆಗೆ ಬದಲಿಸದೆ ಪಟ್ಟಿ ಮಾಡಿದರೆ ತಡವಾಗಿ ಬಂದವರೂ ಒಳಗೆ ಸೇರಿಬಿಡುತ್ತಾರೆ.

ಆದುದರಿಂದ ಪ್ರೋಗ್ರಾಮಿಂಗ್ ಕಲಿಯುವ ವಿದ್ಯಾರ್ಥಿಗಳು ತಾರೀಖಿನ ಕಲಮು ಬರೆಯುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಲಿ: ಇದು ಬಂದ ದಿನವೇ, ತಿದ್ದಿದ ದಿನವೇ? ಹಳೆಯ ದಾಖಲೆಗಳು ಬರಲಿವೆಯೇ? ಯಾವ ಊರಿನ ವೇಳೆ? ಪಾಲಕರು ಮಾಡಬೇಕಾದದ್ದೂ ಒಂದಿದೆ. ಮಕ್ಕಳ ಅರ್ಜಿ ತಲುಪಿದಾಗ ಬರುವ ಸ್ವೀಕೃತಿಯ ಪ್ರತಿಯನ್ನು ಅಂದೇ ತೆಗೆದಿಡಿ. ಕಂಪ್ಯೂಟರಿನ ಮುದ್ರೆ ಅದಲುಬದಲಾದರೆ ನಿಮ್ಮ ಕೈಯಲ್ಲಿ ಉಳಿಯುವ ಸಾಕ್ಷಿ ಅದೊಂದೇ.