ಗುಡ್ಡವನ್ನೂ ನೆಡುತ್ತೀರಾ?

ಮನುಷ್ಯ ಗುಡ್ಡಕ್ಕೆ ಕೈ ಹಾಕಿದ್ದು ನಿನ್ನೆ ಮೊನ್ನೆಯಲ್ಲ. ಬಳ್ಳಾರಿ ಮಗ್ಗುಲಿನ ಸಂಗನಕಲ್ಲಿನಲ್ಲಿ ಸುಮಾರು 4 ಸಾವಿರ ವರ್ಷಗಳ ಹಿಂದೆಯೇ ಕಲ್ಲು ಒಡೆದು ಕೊಡಲಿ ಮಾಡುತ್ತಿದ್ದರು. ತಲೆಮಾರುಗಟ್ಟಲೆ ಮಾಡಿದರು, ಗುಡ್ಡ ಇದ್ದಲ್ಲೇ ಇದೆ. ಅದೇ ಜಿಲ್ಲೆಯ ಸಂಡೂರಿನಲ್ಲಿ ಎಷ್ಟೋ ಗುಡ್ಡಗಳ ನೆತ್ತಿ ಹಾರಿಸಲು ನಮಗೆ ಹತ್ತು ವರ್ಷವೂ ಬೇಕಾಗಲಿಲ್ಲ. ಇದಕ್ಕೆ ಅಭಿವೃದ್ಧಿ ಅಂತ ಹೆಸರು ಬೇರೆ.

1934ರಲ್ಲಿ ಗಾಂಧೀಜಿ ಇಲ್ಲಿಗೆ ಬಂದಿದ್ದರು. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಅಂದಿದ್ದರೆಂದು ಊರವರು ಇಂದಿಗೂ ಹೇಳಿಕೊಳ್ಳುತ್ತಾರೆ. ಮುಂದೆ ಚೀನಾದ ಬೇಡಿಕೆಗೆ ಕಬ್ಬಿಣದ ಅದಿರಿನ ಬೆಲೆ ಏರಿದ್ದೇ ತಡ, ಆ ಹಸಿರು ಬೆಟ್ಟದ ದಾರಿಯಲ್ಲಿ ಹಗಲೂ ರಾತ್ರಿ ಟಿಪ್ಪರುಗಳ ಸಾಲು. ಅದಿರಿನ ಧೂಳು ಕೂತು, ಹತ್ತಿ ಒಡೆದರೆ ಅರಳೆ ಕೆಂಪು. ಮೆಣಸಿನ ಎಲೆ ಮುಟ್ಟಿದರೆ ಕುಂಕುಮದ ಬಟ್ಟಲಿಗೆ ಅದ್ದಿದಂತೆ ಬೆರಳು. ಶಾಲೆಗೆ ಹೋಗಬೇಕಾದ ಮಕ್ಕಳು ಸುತ್ತಿಗೆ ಹಿಡಿದು ಅದಿರು ಕುಟ್ಟಿದರು. ಉಳುವುದು ಬಿಟ್ಟು ಹೊಲವನ್ನೇ ಅಗೆಯಲು ಕೊಟ್ಟ ರೈತರೂ ಉಂಟು. ಅವರನ್ನು ಬೈಯಲು ನನಗೆ ಬಾಯಿ ಬಾರದು. ಧೂಳು ತಿಂದ ಬೆಳೆಯನ್ನು ಕೊಳ್ಳುವವರು ಯಾರಿದ್ದರು?

2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಬೊಕ್ಕಸಕ್ಕಾದ ನಷ್ಟ 16 ಸಾವಿರ ಕೋಟಿ ರೂಪಾಯಿಗೂ ಮೇಲೆ ಎಂದಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಮುಖ್ಯಮಂತ್ರಿಯ ಕುರ್ಚಿ ಹೋಯಿತು, ದೊಡ್ಡವರು ಜೈಲು ಕಂಡರು. ಎಲ್ಲ ಸರಿಯೇ. ಆದರೆ ಆ 16 ಸಾವಿರ ಕೋಟಿ ಅದಿರಿನ ಲೆಕ್ಕ. ನಾರಿಹಳ್ಳಕ್ಕಿಳಿದ ಕೆಸರು, ಕೊಚ್ಚಿಹೋದ ಮೇಲ್ಮಣ್ಣು, ಜಾಗ ಬಿಟ್ಟ ಕರಡಿ ಯಾವ ಖಾತೆಯಲ್ಲಿವೆ? ಕದ್ದು ಅಗೆದರೆ ಪಾಪ, ಪರ್ಮಿಟ್ ಹಿಡಿದು ಅಗೆದರೆ ಪುಣ್ಯ ಅನ್ನುವಂತಾಗಿ ಕೂತಿದೆ. ಗುಡ್ಡಕ್ಕೆ ಪರ್ಮಿಟ್ ಓದಲು ಬರುವುದಿಲ್ಲ ಸ್ವಾಮಿ. ಗಣಿ ಮತ್ತೆ ಶುರುವಾಯಿತು. ವರ್ಷಕ್ಕೆ ಇಷ್ಟೇ ಅಗೆಯಿರಿ ಎಂದು ಹಾಕಿದ್ದ ಮಿತಿಯೂ 2022ರಲ್ಲಿ 2.8 ಕೋಟಿ ಟನ್ನಿನಿಂದ 3.5 ಕೋಟಿ ಟನ್ನಿಗೆ ಏರಿತು.

ಈಗ ಸಂಡೂರಿನದೇ ದೇವದಾರಿ ಗುಡ್ಡದ ಸರದಿ. ಕುದುರೆಮುಖದ ಬೆಟ್ಟ ಬಗೆದು, ಭದ್ರೆಗೆ ಕೆಸರು ಕುಡಿಸಿ, ಕೋರ್ಟು ಹೇಳಿದ ಮೇಲೆ 2005ರ ಕೊನೆಗೆ ಕೆಲಸ ನಿಲ್ಲಿಸಿದ ಸರ್ಕಾರಿ ಕಂಪನಿಯೇ ಇಲ್ಲಿಯೂ ಬಂದು ನಿಂತಿದೆ. ಅದು ಕೇಳುತ್ತಿರುವುದು 401 ಹೆಕ್ಟೇರ್ ಕಾಡು. ಬೀಳಬೇಕಾದ ಮರಗಳು 99,330. ಸುಮಾರು ಒಂದು ಲಕ್ಷ ಅನ್ನದೆ ಕೊನೆಯ ಮೂವತ್ತನ್ನೂ ಎಣಿಸಿದ್ದಾರೆ, ಅಷ್ಟು ಶ್ರದ್ಧೆ! ಬಾಯಿ ತೆರೆದರೆ ಬದಲಿ ಅರಣ್ಯದ ಮಾತು. ಗಿಡ ನೆಡಬಹುದು, ಒಪ್ಪೋಣ. ಮಳೆಮೋಡ ತಡೆಯುವ ಗುಡ್ಡ, ಅದರ ಹೊಟ್ಟೆಯ ಒರತೆ, ಇವನ್ನು ಯಾವ ನರ್ಸರಿಯಿಂದ ತರುತ್ತೀರಿ? ಪರಿಸರ ದಿನವೆಂದು ಜೂನ್ 5ರಂದು ಸಚಿವರು ನೀರೆರೆದ ಸಸಿ ಮುಂದಿನ ಜೂನ್ 5ಕ್ಕೆ ಎಲ್ಲಿರುತ್ತದೆಂದು ನಮಗೆ ಗೊತ್ತಿಲ್ಲವೇ?

ಮೊದಲು ಆ ಬದಲಿ ಕಾಡಿನ ಸರ್ವೆ ನಂಬರ್ ಹೇಳಿ. ನೆಟ್ಟು, ಬೆಳೆಸಿ, ಒಂದು ಕರಡಿ ಬಂದು ಮರಿ ಹಾಕುವಷ್ಟು ದಟ್ಟವಾಗಿಸಿ ತೋರಿಸಿ. ಅಲ್ಲಿಯತನಕ ದೇವದಾರಿಗೆ ಗರಗಸ ತರಬೇಡಿ.