ನಡುವೆ ರಂಗವೋ, ಎದುರಿಗೆ ರಂಗವೋ?

ರಾಕ್ ಸಂಗೀತದ ರಸಿಕರು ಒಂದೆಡೆ ಸೇರಿದಾಗ, ಯಾವ ಗಿಟಾರ್‌ವಾದಕನು ಶ್ರೇಷ್ಠನೆಂಬ ಜಗಳವು ತೀರಿದ ಮೇಲೆ ತಪ್ಪದೆ ತಲೆಯೆತ್ತುವ ಮತ್ತೊಂದು ಜಗಳವುಂಟು: ಸಹಸ್ರಾರು ಜನ ನೆರೆಯುವ ಕಚೇರಿಗಳಲ್ಲಿ ವೇದಿಕೆಯು ಸಭಾಂಗಣದ ಒಂದು ತುದಿಯಲ್ಲಿದ್ದು ಜನಕ್ಕೆ ಅಭಿಮುಖವಾಗಿರಬೇಕೋ, ಅಥವಾ ನಡುವಿನಲ್ಲಿದ್ದು ನಾಲ್ಕು ದಿಕ್ಕುಗಳಿಂದಲೂ ಜನದಿಂದ ಪರಿವೃತವಾಗಿರಬೇಕೋ ಎಂಬುದು. ಪ್ರಶ್ನೆ ಹೊಸದಲ್ಲ. 1964ರ ಫೆಬ್ರವರಿ 11ರಂದು ಬೀಟಲ್ಸ್ ತಂಡವು ಅಮೆರಿಕದಲ್ಲಿ ತನ್ನ ಮೊದಲ ಕಚೇರಿಯನ್ನು ವಾಷಿಂಗ್ಟನ್ ಕೊಲಿಸಿಯಂನಲ್ಲಿ ನಡೆಸಿದಾಗ ಅವರಿಗೆ ದೊರೆತದ್ದು ಮುಷ್ಟಿಯುದ್ಧದ ಅಖಾಡದಂತೆ ನಡುವೆ ಎತ್ತರಿಸಿದ ಒಂದು ಕಟ್ಟೆ. ಹಾಡುಗಳ ನಡುನಡುವೆ ರಿಂಗೋ ಸ್ಟಾರ್‌ನ ಡ್ರಮ್ ಪೀಠವನ್ನು ಕೈಯಿಂದಲೇ ತಿರುಗಿಸಿ, ಅಲ್ಲಿಯವರೆಗೆ ಬೆನ್ನನ್ನೇ ಕಂಡಿದ್ದವರಿಗೆ ಮುಖವನ್ನು ತೋರಿಸಬೇಕಾಯಿತು. ಆ ರಾತ್ರಿಯ ತೊಡಕಿಗೆ ಯಂತ್ರಗಳು ಈಗ ಪರಿಹಾರ ಒದಗಿಸಿವೆಯೆಂದು ಒಂದು ಪಕ್ಷ. ತೊಡಕು ಇದ್ದಲ್ಲಿಯೇ ಇದೆ, ಯಂತ್ರಗಳು ಅದನ್ನು ಮರೆಮಾಡಿವೆಯಷ್ಟೆ ಎಂದು ಮತ್ತೊಂದು ಪಕ್ಷ. ಎರಡನ್ನೂ ಇಲ್ಲಿ ನಿರೂಪಿಸುತ್ತೇನೆ. ನನ್ನ ಒಲವನ್ನು ಬಚ್ಚಿಡುವಷ್ಟು ನಿರ್ಲಿಪ್ತತೆ ನನಗೆ ಸಿದ್ಧಿಸಿಲ್ಲ. ಯಾವ ಪಕ್ಷಕ್ಕೆ ಹೆಚ್ಚು ಕಾಗದ ವೆಚ್ಚವಾಯಿತೆಂಬುದರಿಂದಲೇ ಅದು ತಿಳಿದೀತು.

ಪರ

ನಡುರಂಗದ ಪಕ್ಷವು ರೇಖಾಗಣಿತದಿಂದ ಆರಂಭವಾಗುತ್ತದೆ, ಮತ್ತು ಅದನ್ನು ಅಲ್ಲಗಳೆಯುವುದು ಸುಲಭವಲ್ಲ. ಗಾಯಕನಿಂದ 30 ಮೀಟರಿನೊಳಗಿರುವ ನೆಲವನ್ನು ಅಳೆದರೆ, ವೇದಿಕೆಯು ಗೋಡೆಗೆ ಬೆನ್ನುಕೊಟ್ಟು ನಿಂತಾಗ ಅದು ಸುಮಾರು 1,400 ಚದರ ಮೀಟರು. ಅದೇ ವೇದಿಕೆಯು ನಡುವೆ ಬಂದಾಗ 2,800. ಎಂದರೆ, ಕಲಾವಿದನನ್ನು ಬರಿಗಣ್ಣಿನಿಂದಲೇ ಕಂಡು ಗುರುತಿಸಬಹುದಾದ ಸಾಮೀಪ್ಯವು, ಯಾರ ಪಾಲನ್ನೂ ಕಸಿಯದೆ, ಇಮ್ಮಡಿ ಜನಕ್ಕೆ ಲಭಿಸಿತು. ಕಟ್ಟಕಡೆಯ ಸಾಲಿನವನ ದೂರವೂ ಅದರೊಡನೆ ಅರ್ಧಕ್ಕಿಳಿಯುತ್ತದೆ. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಚಲಿಸುವುದರಿಂದ, ಏಕಮುಖ ವೇದಿಕೆಯಿಂದ 130 ಮೀಟರ್ ಆಚೆ ಕುಳಿತವನಿಗೆ ಡ್ರಮ್ಮಿನ ಮೇಲೆ ಬಿದ್ದ ಪೆಟ್ಟು ಕಣ್ಣಿಗೆ ಕಂಡ ಮೇಲೆ ಕಿವಿಗೆ ಮುಟ್ಟಲು ಸೆಕೆಂಡಿನ ಮೂರನೆಯ ಒಂದು ಭಾಗಕ್ಕೂ ಮೀರಿದ ವಿಳಂಬವಾಗುತ್ತದೆಂಬುದನ್ನೂ, ಅದನ್ನು ಸರಿದೂಗಿಸಲು ಮೈದಾನದ ನಡುವೆ ಧ್ವನಿವರ್ಧಕಗಳ ಕಂಬಗಳನ್ನು ನೆಟ್ಟು ಹಿಂದಿನವರ ನೋಟಕ್ಕೆ ಅಡ್ಡಿ ಮಾಡಬೇಕಾಗುತ್ತದೆಂಬುದನ್ನೂ ಸ್ಮರಿಸತಕ್ಕದ್ದು.

ಇದನ್ನು ಮನಗಂಡ ತಂಡಗಳು ಸಾಮಾನ್ಯವಾದವಲ್ಲ. ಯೆಸ್ ತಂಡವು 1978ರಲ್ಲಿ ಸಭಾಂಗಣದ ನಡುವೆ ಮೆಲ್ಲನೆ ಸುತ್ತುವ ವೇದಿಕೆಯ ಮೇಲೆ ನಿಂತು, ಬೀಟಲ್ಸ್ ಕೈಯಿಂದ ಮಾಡಿದ್ದನ್ನು ಯಂತ್ರದಿಂದ ಮಾಡಿತು. 1987-88ರಲ್ಲಿ ಡೆಫ್ ಲೆಪರ್ಡ್, 1988ರಲ್ಲಿ ಪ್ರಿನ್ಸ್ ಅದೇ ಮಾರ್ಗವನ್ನು ಹಿಡಿದರು. 2023ರ ಏಪ್ರಿಲ್‌ನಲ್ಲಿ ಆಮ್‌ಸ್ಟರ್ಡಾಮಿನಲ್ಲಿ ಆರಂಭವಾದ ಮೆಟಾಲಿಕಾದ ಪ್ರವಾಸದಲ್ಲಿ ವೇದಿಕೆಯೇ ಒಂದು ಬೃಹತ್ ಬಳೆಯಾಗಿ, ಬಳೆಯ ಒಳಗೂ ಹೊರಗೂ ಜನ ನಿಂತರು. ಯಾವ ದಿಕ್ಕಿನವರೂ ಅನಾದರಕ್ಕೆ ಪಾತ್ರರಾಗಬಾರದೆಂದು ಲಾರ್ಸ್ ಉಲ್ರಿಕ್‌ಗಾಗಿ ನಾಲ್ಕು ಕಡೆ ನಾಲ್ಕು ಡ್ರಮ್ ಸಜ್ಜುಗಳನ್ನು ಅಣಿಗೊಳಿಸಲಾಯಿತು.

ಆದರೆ ಈ ಪಕ್ಷದ ನಿಜವಾದ ಬಲವಿರುವುದು ಅಳತೆಯಲ್ಲಲ್ಲ. ಏಕಮುಖ ವೇದಿಕೆಯ ಮುಂದೆ ನಿಂತವನಿಗೆ ಕಾಣುವುದು ತನ್ನ ಮುಂದಿನವನ ತಲೆ. ನಡುರಂಗದ ಸುತ್ತ ನಿಂತವನಿಗೆ, ವಾದಕರ ಆಚೆ, ತನ್ನಂತೆಯೇ ಬಾಯ್ದೆರೆದು ಹಾಡುತ್ತಿರುವ ಸಾವಿರ ಮುಖಗಳು ಕಾಣುತ್ತವೆ, ಮತ್ತು ಆ ದೃಶ್ಯವೇ ಅರ್ಧ ಉತ್ಸವ. ನಮ್ಮ ಬಯಲಾಟದ ರಂಗಸ್ಥಳದ ಸುತ್ತ ಕುಳಿತು ಬೆಳಗುಮಾಡಿದವರಿಗೆ ಈ ಸುಖವನ್ನು ವಿವರಿಸಿ ಹೇಳಬೇಕಾಗಿಲ್ಲ. ತುದಿಯ ವೇದಿಕೆಯು ಹುಟ್ಟಿಸುವ ಅಂತರವು ಎಂತಹ ವಿಕಾರಕ್ಕೆ ತಿರುಗಬಲ್ಲದೆಂಬುದಕ್ಕೆ ಉದಾಹರಣೆ ಬೇಕಾದರೆ 1977ರ ಜುಲೈ 6ರ ಮಾಂಟ್ರಿಯಲ್ ಇದೆ: ಅಲ್ಲಿನ ಒಲಿಂಪಿಕ್ ಕ್ರೀಡಾಂಗಣದಲ್ಲಿ ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್ ಜನರ ಗದ್ದಲದಿಂದ ರೇಗಿ ಮುಂದಿದ್ದ ಅಭಿಮಾನಿಯೊಬ್ಬನ ಮೇಲೆ ಉಗುಳಿದ್ದೂ, ಆ ಕೃತ್ಯಕ್ಕೆ ತಾನೇ ಹೇಸಿ, ತನಗೂ ಜನಕ್ಕೂ ನಡುವೆ ಬೆಳೆದಿದ್ದ ಅಂತರವನ್ನೇ ವಸ್ತುವಾಗಿರಿಸಿಕೊಂಡು 'ದಿ ವಾಲ್' ಕೃತಿಯನ್ನು ರಚಿಸಿದ್ದೂ ಪ್ರಸಿದ್ಧವಾದ ಸಂಗತಿಗಳು. ಅದೇ ವಾಟರ್ಸ್, ಸರಿಯಾಗಿ 45 ವರ್ಷಗಳ ತರುವಾಯ, 2022ರ ಜುಲೈ 6ರಂದು ಪಿಟ್ಸ್‌ಬರ್ಗ್‌ನಲ್ಲಿ ಹೊಸ ಪ್ರವಾಸವನ್ನು ಆರಂಭಿಸಿದಾಗ ವೇದಿಕೆಯು ಸಭೆಯ ನಡುವೆ ಇತ್ತು. ಗೋಡೆಯನ್ನು ಕಟ್ಟಿದವನೇ ಅದನ್ನು ತೊರೆದು ನಡುವೆ ಬಂದು ನಿಂತ ಮೇಲೆ ಬೇರೆ ಸಾಕ್ಷ್ಯವೇಕೆ?

ವಿರೋಧ

ಸಾಕ್ಷ್ಯದ ಮಾತು ಕೊನೆಗಿರಲಿ; ಮೊದಲು ಬಯಲಾಟವನ್ನೇ ತೆಗೆದುಕೊಳ್ಳೋಣ. ಅಲ್ಲಿ ಜನ ಕುಳಿತುಕೊಳ್ಳುವುದು ಮೂರು ಕಡೆ. ನಾಲ್ಕನೆಯ ಕಡೆಯನ್ನು ಭಾಗವತರಿಗೂ ಮದ್ದಳೆ ಚಂಡೆಗಳಿಗೂ ಬಿಟ್ಟುಕೊಟ್ಟ ಹಿರಿಯರು, ವೇಷಧಾರಿಗೆ ಪ್ರವೇಶಿಸಲು ಒಂದು ದಿಕ್ಕು, ಎದುರಿಸಲು ಒಂದು ದಿಕ್ಕು ಇರಬೇಕೆಂಬುದನ್ನು ಬಲ್ಲವರಾಗಿದ್ದರು. ನಡುರಂಗದಲ್ಲಿ ಆ ನಾಲ್ಕನೆಯ ಕಡೆಯೇ ಇಲ್ಲವಾದುದರಿಂದ ಡೆಫ್ ಲೆಪರ್ಡ್‌ನ ವೀರರು ಬಟ್ಟೆ ಒಗೆಯಲು ಒಯ್ಯುವ ಬಂಡಿಗಳಲ್ಲಿ ಅಡಗಿ ಕುಳಿತು, ತಮ್ಮನ್ನು ಕಾಣಲೆಂದೇ ಬಂದ ಜನರ ನಡುವೆ ಕೊಳೆಬಟ್ಟೆಗಳಂತೆ ತಳ್ಳಿಸಿಕೊಂಡು ಹೋಗಿ ವೇದಿಕೆಯನ್ನು ಸೇರಬೇಕಾಯಿತು. ಇದು ವಿನೋದದ ಮಾತಾಯಿತು. ನಷ್ಟದ ಮಾತು ಬೇರೆಯಿದೆ.

ಹಾಡು ಎಂಬುದು ಒಬ್ಬನು ಇನ್ನೊಬ್ಬನಿಗೆ ಹೇಳುವ ಮಾತಿನ ಪರಿಷ್ಕೃತ ರೂಪವಾಗಿರುವತನಕ, ಹೇಳುವವನ ಮುಖ ಕೇಳುವವನಿಗೆ ಬೇಕು. ನಡುರಂಗದ ಗಾಯಕನು ಎತ್ತ ತಿರುಗಿದರೂ ಆ ಕ್ಷಣದಲ್ಲಿ ಸಭೆಯ ಅರ್ಧದಷ್ಟು ಜನಕ್ಕೆ ಬೆನ್ನು ಹಾಕಿಯೇ ಇರುತ್ತಾನೆ. ಆದಕಾರಣ ಅವನು ಒಂದು ಚರಣವನ್ನು ಪೂರ್ವಕ್ಕೆ, ಮತ್ತೊಂದನ್ನು ಪಶ್ಚಿಮಕ್ಕೆ, ಪಲ್ಲವಿಯನ್ನು ಓಡುತ್ತೋಡುತ್ತ ಉತ್ತರಕ್ಕೆ ಹಂಚುತ್ತ, ಹಾಡಿನ ಭಾವವು ಎಲ್ಲಿ ನಿಲ್ಲಬೇಕೆಂದು ಕೇಳುತ್ತದೋ ಅಲ್ಲಿ ನಿಲ್ಲದೆ, ಯಾವ ದಿಕ್ಕಿನ ಸರದಿ ಬಂದಿತೋ ಅಲ್ಲಿ ನಿಲ್ಲುತ್ತಾನೆ. ನಾಲ್ಕು ಡ್ರಮ್ ಸಜ್ಜುಗಳ ಔದಾರ್ಯವನ್ನು ಪರಪಕ್ಷವು ಹೊಗಳಿತು. ಅದರ ಅರ್ಥವೇನೆಂದರೆ, ಇಡೀ ಸಂಜೆಯ ಹಣವನ್ನು ತೆತ್ತವನಿಗೆ ಲಾರ್ಸ್ ಉಲ್ರಿಕ್ ಹತ್ತಿರದಲ್ಲಿ ಕಾಣುವುದು ಸಂಜೆಯ ಕಾಲುಭಾಗ. ಉಳಿದ ಮುಕ್ಕಾಲು ಭಾಗ ಆತ ಬಳೆಯ ಆಚೆಯ ಅಂಚಿನಲ್ಲಿ ಒಂದು ಚುಕ್ಕೆ.

ಇದಕ್ಕಿಂತಲೂ ನನ್ನನ್ನು ಬಾಧಿಸುವುದು ವಾದಕರ ಪರಸ್ಪರ ವಿಯೋಗ. ಬಾಸ್ ಗಿಟಾರ್ ನುಡಿಸುವವನು ಡ್ರಮ್ ಬಾರಿಸುವವನ ಕೈಯನ್ನೂ ಕಣ್ಣನ್ನೂ ನೋಡುತ್ತ, ಪೆಟ್ಟು ಬೀಳುವುದಕ್ಕೆ ಮೊದಲೇ ಅದನ್ನು ಊಹಿಸಿ ನುಡಿಸುತ್ತಿದ್ದ ಕಾಲದಲ್ಲಿ ರಾಕ್ ಸಂಗೀತಕ್ಕೆ ಅದರ ಬಿಗಿ ದೊರೆಯಿತು. ಬಳೆಯಾಕಾರದ ವೇದಿಕೆಯಲ್ಲಿ ನಾಲ್ವರೂ ನಾಲ್ಕು ದಿಕ್ಕುಗಳಿಗೆ ಚದುರಿ, ಒಬ್ಬರ ವಾದನವನ್ನು ಒಬ್ಬರು ಕಿವಿಯೊಳಗೆ ಸಿಕ್ಕಿಸಿಕೊಂಡ ಪುಟ್ಟ ಯಂತ್ರದ ಮೂಲಕ ಕೇಳಬೇಕಾದಾಗ, ಅದು ಲೆಕ್ಕಕ್ಕೆ ತಪ್ಪುವುದಿಲ್ಲ ನಿಜ. ಆದರೆ ನಾಲ್ವರು ಕೂಡಿ ನುಡಿಸುತ್ತಿದ್ದಾರೆಂಬ ಪ್ರತ್ಯಯ ನೋಡುವವನಿಗೆ ಬರುವುದಿಲ್ಲ. ಅದೇ ಮೆಟಾಲಿಕಾ 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ವೇದಿಕೆ ಎದುರಿಗಿತ್ತು. ತಮಗೆ ನಡುರಂಗ ದೊರೆಯಲಿಲ್ಲವೆಂದು ಅಂದಿನ ರಸಿಕರು ಕೊರಗಿದ್ದನ್ನು ನಾನಂತೂ ಕೇಳಿಲ್ಲ.

ಸಾಮೀಪ್ಯದ ವಾದವಾದರೂ ಚಿಕ್ಕ ಸಭಾಂಗಣಕ್ಕೆ ಸಲ್ಲುವಷ್ಟು ಕ್ರೀಡಾಂಗಣಕ್ಕೆ ಸಲ್ಲುವುದಿಲ್ಲ. ಯೂ2 ತಂಡವು 2009ರ ಜೂನ್ 30ರಂದು ಬಾರ್ಸಿಲೋನಾದ ಕ್ಯಾಂಪ್ ನೋ ಕ್ರೀಡಾಂಗಣದಲ್ಲಿ ಆರಂಭಿಸಿದ ಪ್ರವಾಸವನ್ನು ನೋಡಬಹುದು. ವಿಲ್ಲಿ ವಿಲಿಯಮ್ಸ್ ಮತ್ತು ಮಾರ್ಕ್ ಫಿಶರ್ ರೂಪಿಸಿದ, ನಾಲ್ಕು ಕಾಲುಗಳ ಮೇಲೆ ಸುಮಾರು 50 ಮೀಟರ್ ಎತ್ತರಕ್ಕೆ ನಿಂತ, ಜನ 'ಕ್ಲಾ' ಎಂದು ಕರೆದ ಆ ಉಕ್ಕಿನ ರಚನೆಯನ್ನು ಕಟ್ಟಿ ಬಿಚ್ಚುವುದಕ್ಕೆ ದಿನಗಳೇ ಹಿಡಿಯುತ್ತಿದ್ದುದರಿಂದ, ಒಂದರಲ್ಲಿ ಕಚೇರಿ ನಡೆಯುತ್ತಿರುವಾಗ ಉಳಿದವು ಬೇರೆ ಊರುಗಳಲ್ಲಿ ಏಳುತ್ತಲೋ ಇಳಿಯುತ್ತಲೋ ಇರಲೆಂದು ಮೂರನ್ನು ನಿರ್ಮಿಸಬೇಕಾಯಿತು. ಆತ್ಮೀಯತೆಯನ್ನು ಸಾಧಿಸಲು ಇಷ್ಟು ಉಕ್ಕು ಬೇಕೆ? ಇಷ್ಟೆಲ್ಲ ಮಾಡಿಯೂ ಆ ವೇದಿಕೆಯು ಬಹುಮಟ್ಟಿಗೆ ಮೈದಾನದ ನಟ್ಟನಡುವೆ ಇರದೆ ಒಂದು ತುದಿಯತ್ತ ಸರಿದಿತ್ತು. ಹೆಸರಿನಲ್ಲಿ 360 ಡಿಗ್ರಿಗಳನ್ನು ಹೊತ್ತ ಪ್ರವಾಸಕ್ಕೂ ಒಂದು ಮುಂಭಾಗ ಬೇಕೇಬೇಕಾಯಿತು. ಮೇಲಿನ ಸಾಲುಗಳಲ್ಲಿ ಕುಳಿತವರು ನೋಡಿದ್ದು ಬಹುಪಾಲು ವೇದಿಕೆಯ ಮೇಲೆ ತೂಗುತ್ತಿದ್ದ, ಹಿಗ್ಗಿ ಕೆಳಗಿಳಿಯಬಲ್ಲ ವರ್ತುಲಾಕಾರದ ಪರದೆಯನ್ನು. ಪರದೆಯನ್ನು ನೋಡುವುದೇ ಆದರೆ ಅದು ನಡುವೆ ಇದ್ದರೇನು, ತುದಿಯಲ್ಲಿದ್ದರೇನು?

ನಡುರಂಗದ ಪ್ರೀತಿಗೆ ಮತ್ತೊಂದು ಕಾರಣವಿದೆ. ಅಭಿಮಾನಿಗಳು ಅದನ್ನು ಆಡುವುದಿಲ್ಲ, ವ್ಯವಸ್ಥಾಪಕರು ಮರೆಯುವುದಿಲ್ಲ. ತುದಿಯ ವೇದಿಕೆಯ ಹಿಂದೆ ಮಾರಾಟವಾಗದೆ ಉಳಿಯುವ ಆಸನಗಳೆಲ್ಲ ನಡುರಂಗದಲ್ಲಿ ಮಾರಾಟವಾಗುತ್ತವೆ. ಯೂ2 ಪ್ರವಾಸವು 110 ಕಚೇರಿಗಳಲ್ಲಿ 70 ಲಕ್ಷಕ್ಕೂ ಮಿಕ್ಕ ಜನರಿಂದ 73 ಕೋಟಿ ಡಾಲರುಗಳಿಗೂ ಹೆಚ್ಚು ಹಣವನ್ನು ಗಳಿಸಿ, 2019ರಲ್ಲಿ ಎಡ್ ಶೀರನ್ ಮೀರಿಸುವವರೆಗೆ ಅಗ್ರಸ್ಥಾನದಲ್ಲಿದ್ದುದಕ್ಕೆ ಸಂಗೀತದ ಜೊತೆಗೆ ಈ ಗಣಿತದ ಪಾಲೂ ಇದೆ. ಗಳಿಕೆ ಪಾಪವಲ್ಲ; ಆದರೆ ಅದಕ್ಕೆ ಸಮಾನತೆಯೆಂಬ ಹೆಸರಿಡುವುದು ಬೇಡ.

ಈಗ ಆ ಸಾಕ್ಷಿ. 'ದಿ ವಾಲ್' 1980ರಲ್ಲಿ ರಂಗವೇರಿದಾಗ, ಹಾಡುಗಳು ಸಾಗುತ್ತಿದ್ದಂತೆಯೇ ರಟ್ಟಿನ ಇಟ್ಟಿಗೆಗಳು ಒಂದರ ಮೇಲೊಂದು ಏರಿ, ಪೂರ್ವಾರ್ಧ ಮುಗಿಯುವಷ್ಟರಲ್ಲಿ ಸುಮಾರು 40 ಅಡಿ ಎತ್ತರದ ಗೋಡೆಯು ವಾದಕರನ್ನು ಸಂಪೂರ್ಣವಾಗಿ ಮುಚ್ಚಿಬಿಡುತ್ತಿತ್ತು. ರಾಕ್ ರಂಗಭೂಮಿಯು ಕಂಡ ಅತ್ಯಂತ ಸಾರ್ಥಕವಾದ ಈ ಕಲ್ಪನೆಯು ಈಚೆ ಆಚೆ ಎಂಬ ಭೇದವಿರುವ ಏಕಮುಖ ವೇದಿಕೆಯಲ್ಲಲ್ಲದೆ ಬೇರೆಲ್ಲೂ ಹುಟ್ಟುವಂತಿರಲಿಲ್ಲ. ಇನ್ನು 2022ರಲ್ಲಿ ಆತ ಗೋಡೆಯನ್ನು ತೊರೆದು ನಡುವೆ ಬಂದನೆಂಬ ಮಾತು: ಆ ಕಚೇರಿಯು ಆರಂಭವಾದಾಗ ಶಿಲುಬೆಯ ಆಕಾರದಲ್ಲಿ ಜೋಡಿಸಿದ ಭಾರಿ ಪರದೆಗಳು ವೇದಿಕೆಯ ಮೇಲಕ್ಕೆ ಇಳಿದು, ಸಭಾಂಗಣವನ್ನೇ ವಿಭಾಗಿಸಿ ನಿಂತಿರುತ್ತಿದ್ದವು, ಮೊದಲ ಹಾಡು ಕಳೆದು ಅವು ಮೇಲೇರಿದ ಮೇಲೆಯೇ ತಂಡವು ಜನಕ್ಕೆ ಪೂರ್ಣವಾಗಿ ಗೋಚರವಾಗುತ್ತಿದ್ದುದು. ವಾಟರ್ಸ್ ಗೋಡೆಯನ್ನು ಬಿಟ್ಟು ಬರಲಿಲ್ಲ, ಜೊತೆಗೇ ತಂದುಕೊಂಡ; ನಡುರಂಗವಾದುದರಿಂದ ಈ ಸಲ ಅದು ಒಂದು ಕಡೆಗೆ ಸಾಲದೆ ಎಲ್ಲ ಕಡೆಗೂ ಬೇಕಾಯಿತು.